ಗದ್ದೆ ತುಂಬಿಸಿದ ಸೈಟು, ಎರೆಮಣ್ಣು, ಶೇಡಿ ಮಣ್ಣು: ಮನೆ ಕಟ್ಟೋರ ಪ್ರಶ್ನೆಗಳು

ಪ್ರಶ್ನೆ: ಶಿವಮೊಗ್ಗದ ಹೊರಗೆ ಹೊಸ ಲೇಔಟಲ್ಲಿ 30x40 ಅಡಿ ಸೈಟು ತಗೊಂಡಿದೀವಿ. ಮೊದಲು ಭತ್ತದ ಗದ್ದೆ ಇತ್ತಂತೆ, ಅದರ ಮೇಲೆ ಐದಡಿ ಕೆಂಪು ಮಣ್ಣು ಹೊಡೆಸಿದಾರೆ. ಎರಡು ಮಳೆಗಾಲ ಆಯ್ತು, ಮಣ್ಣು ಕೂತಿದೆ, ಧೈರ್ಯವಾಗಿ ಪಾಯ ತೆಗೀಬಹುದು ಅಂತಾರೆ ಮೇಸ್ತ್ರಿ. ನಂಬಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಬರೀ ಆ ಮಾತು ನಂಬ್ಕೊಂಡು ಪಾಯ ತೆಗೀಬೇಡಿ. ಹೊಡೆಸಿದ ಮಣ್ಣು ಮಳೆ ನೀರು ಕುಡಿದು ಒಂದಿಷ್ಟು ಇಳಿದಿರತ್ತೆ, ಅದು ಸರಿ. ಆದ್ರೆ ಅದರ ಕೆಳಗೆ ಇನ್ನೂ ಗದ್ದೆ ಇದೆ ಅನ್ನೋದನ್ನ ಎಲ್ಲರೂ ಮರೀತಾರೆ. ಐದಡಿ ಮಣ್ಣು ಅಂದ್ರೆ ಪ್ರತಿ ಚದರ ಮೀಟರಿಗೆ ಹೆಚ್ಚುಕಮ್ಮಿ ಎರಡೂವರೆ ಟನ್ ಭಾರ, ಎರಡು ಅಂತಸ್ತಿನ ಮನೆಯ ಭಾರಾನ ಇಡೀ ಸೈಟಿಗೆ ಹರಡಿದ್ರೂ ಹತ್ತಿರ ಹತ್ತಿರ ಅಷ್ಟೇ ಬರೋದು, ಅಂದ್ರೆ ನೀವು ಒಂದು ಇಟ್ಟಿಗೆ ಇಡೋಕೂ ಮುಂಚೆನೇ ಆ ಕೆಸರಿನ ಮೇಲೆ ಒಂದು ಮನೆ ಕೂತಾಗಿದೆ. ಆ ಭಾರಕ್ಕೆ ಜೇಡಿಯೊಳಗಿನ ನೀರು ನಿಧಾನಕ್ಕೆ ಹೊರಗೆ ಹೋಗ್ತಾ ಇರತ್ತೆ, ಹೋದಷ್ಟೂ ನೆಲ ಇಳಿಯತ್ತೆ. ಇದರ ಲೆಕ್ಕಾನ ಮಣ್ಣಿನ ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲೇ ಹಾಕಿಕೊಟ್ಟಿದಾರೆ: ನೀರು ಹೊರಬೀಳೋಕೆ ಸಾಗಬೇಕಾದ ದಾರಿ ಎರಡರಷ್ಟಾದ್ರೆ ಟೈಮ್ ನಾಲ್ಕರಷ್ಟು ಬೇಕು. ಹಾಗಾಗಿ ತೆಳ್ಳಗಿನ ಜೇಡಿ ಪದರ ಆದ್ರೆ ಎರಡು ಮಳೆಗಾಲ ಸಾಕಾಗಿರಬಹುದು, ದಪ್ಪ ಇದ್ರೆ ವರ್ಷಗಟ್ಟಲೆ ಇಳೀತಾನೇ ಇರತ್ತೆ. ನಿಮ್ಮಲ್ಲಿ ಎಷ್ಟು ದಪ್ಪ ಇದೆ ಅಂತ ಅಗೆದು ನೋಡದೆ ಯಾರೂ ಹೇಳೋಕಾಗಲ್ಲ.

ಅದಕ್ಕೇ ಮೊದಲು ಗುಂಡಿ. ಜೆಸಿಬಿ ಕರೆಸಿ ಸೈಟಿನ ಎರಡು ಮೂಲೇಲಿ ತೆಗೆಸಿ (ಆಳ ಹೋದ ಗುಂಡಿಗೆ ಯಾರನ್ನೂ ಇಳಿಸಬೇಡಿ, ತುಂಬಿಸಿದ ಮಣ್ಣಿನ ಗೋಡೆ ಹೇಳದೇ ಕೇಳದೇ ಕುಸಿಯತ್ತೆ, ಬಕೆಟಲ್ಲಿ ಬಂದ ಹೆಂಟೆನೇ ಮೇಲಿಟ್ಕೊಂಡು ನೋಡಿ). ಕೆಂಪು ಮುಗಿದು ಬೂದು-ಕಪ್ಪು ಜಿಗುಟು ಶುರುವಾಗತ್ತೆ, ಹಳೇ ಭತ್ತದ ಬೇರು ಕಾಣತ್ತೆ, ಕೊಳೆತ ವಾಸನೆ ಬರತ್ತೆ. ಆ ಹೆಂಟೆಗೆ ಹೆಬ್ಬೆರಳು ಒತ್ತಿ. ಸಲೀಸಾಗಿ ಒಂದು ಇಂಚು ಒಳಗೆ ಹೋದ್ರೆ ಅದು ಮೆತ್ತನೆ ಮಣ್ಣು, ಬರೀ ಗುರುತು ಬಿದ್ರೆ ಗಟ್ಟಿ. ಇದನ್ನ ಮಳೆ ಮುಗಿದ ಮೇಲೆ ಅಕ್ಟೋಬರ್-ನವೆಂಬರಲ್ಲಿ ಮಾಡಿ, ಏಪ್ರಿಲಲ್ಲಿ ನಮ್ಮ ಗದ್ದೆಗಳೆಲ್ಲ ಮೇಲೆ ಒಣಗಿ ಕಲ್ಲಿನ ಥರ ಕಾಣತ್ವೆ, ಮೋಸ ಹೋಗ್ತೀರ.

ಎರಡಂತಸ್ತು ಕಟ್ಟೋ ಪ್ಲಾನ್ ಇದ್ರೆ ಬೋರ್ ಹಾಕಿಸಿ, ಆಳದಲ್ಲಿ ನೆಲ ಎಷ್ಟು ಗಟ್ಟಿ ಅಂತ ಅಳೆಯೋ ಎಸ್‌ಪಿಟಿ ಟೆಸ್ಟ್ ಮಾಡಿಸಿ. 63.5 ಕೆಜಿ ಸುತ್ತಿಗೇನ 75 ಸೆಂಟಿಮೀಟರ್ ಎತ್ತರದಿಂದ ಬೀಳಿಸ್ತಾ, ಟ್ಯೂಬ್ 45 ಸೆಂಟಿಮೀಟರ್ ಇಳಿಯೋವರೆಗೂ ಹೊಡೀತಾರೆ, ಅದರಲ್ಲಿ ಕೊನೇ 30ಕ್ಕೆ ಬಿದ್ದ ಪೆಟ್ಟು ಲೆಕ್ಕ. ಜೇಡೀಲಿ ನಾಲ್ಕಕ್ಕಿಂತ ಕಮ್ಮಿ ಪೆಟ್ಟಿಗೆ ಇಳಿದ್ರೆ ಅಲ್ಲಿ ಮಾಮೂಲಿ ಫೂಟಿಂಗ್ ಹಾಕೋ ಯೋಚನೆ ಬಿಡಿ. ಎಂಜಿನಿಯರ್ ಹತ್ರ ಕಬ್ಬಿಣ ಜಾಸ್ತಿ ಹಾಕಿ ಸಾರ್ ಅಂತ ಕೇಳೋ ಬದಲು ಮಣ್ಣಿನ ರಿಪೋರ್ಟ್ ಕೊಡಿ ಅಂತ ಕೇಳಿ, ದಯವಿಟ್ಟು.

ಹೊಡೆಸಿದ ಮಣ್ಣಿನ ಕೆಳಗಿನ ಮೆತ್ತನೆ ಪದರ ನಾಲ್ಕೈದಡಿ ಒಳಗೆ ಮುಗಿದ್ರೆ ಅದನ್ನ ಪೂರ್ತಿ ತೆಗೆಸಿಬಿಡಿ, ಮನೆ ಅಗಲಕ್ಕಿಂತ ಸುತ್ತ ಒಂದಿಷ್ಟು ಜಾಸ್ತೀನೇ ತೆಗೆಸಿ, ಒಳ್ಳೆ ಗ್ರಾವೆಲ್ ಮಣ್ಣು ಹಾಕಿ ರೋಲರ್ ಓಡಿಸಿ. ಇಡೀ ಲೋಡ್ ಒಮ್ಮೆಗೇ ಸುರಿದು ಮೇಲೆ ಜೆಸಿಬಿ ಓಡಾಡಿದ್ರೆ ಮೇಲಿನ ಒಂದಡಿ ಮಾತ್ರ ಗಟ್ಟಿಯಾಗೋದು, 15-20 ಸೆಂಟಿಮೀಟರ್ ಪದರ ಪದರವಾಗೇ ಹಾಕ್ಬೇಕು. ತೇವ ಸರಿ ಇದ್ಯಾ ಅಂತ ನೋಡೋಕೆ ಮಣ್ಣನ್ನ ಮುಷ್ಟೀಲಿ ಅದುಮಿ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡಿ: ಪುಡಿಪುಡಿ ಆದ್ರೆ ನೀರು ಕಮ್ಮಿ, ಪಚಕ್ಕಂತ ಚಪ್ಪಟೆ ಆದ್ರೆ ಜಾಸ್ತಿ, ನಾಲ್ಕೈದು ತುಂಡಾದ್ರೆ ರೋಲರ್ ಓಡಿಸಬಹುದು. ಆಮೇಲೆ ಕೋರ್ ಕಟರ್ ಟೆಸ್ಟಲ್ಲಿ (ಕೊಳವೆ ಇಳಿಸಿ ಮಣ್ಣು ತೆಗೆದು ತೂಗೋದು) ಲ್ಯಾಬಲ್ಲಿ ಅದೇ ಮಣ್ಣಿಗೆ ಸಿಕ್ಕ ಗರಿಷ್ಠ ಒಣ ಸಾಂದ್ರತೆಯ 95 ಪರ್ಸೆಂಟ್ ಬಂತಾ ಅಂತ ಪದರ ಪದರಕ್ಕೂ ಕೇಳಿ. ಕೆಸರು ಇನ್ನೂ ಆಳ ಇದ್ರೆ ರಾಫ್ಟ್ (ಇಡೀ ಮನೆಯಡಿ ಒಂದೇ ಕಾಂಕ್ರೀಟ್ ಹಾಸು) ಅಥವಾ ಪೈಲ್ (ಆಳಕ್ಕೆ ಇಳಿಸೋ ಕಂಬ), ಅದು ರಿಪೋರ್ಟ್ ನೋಡಿ ಎಂಜಿನಿಯರ್ ತೀರ್ಮಾನ ಮಾಡ್ಬೇಕು.

ಪ್ರಶ್ನೆ: ಕೆಸರಲ್ಲಿ ಸರ್ವೆ ಮರದ ಕಂಬ ಹೊಡೆದು ಅದರ ಮೇಲೆ ಪಾಯ ಹಾಕಿದ್ರೆ ಕಮ್ಮಿ ಖರ್ಚಲ್ಲಿ ಆಗತ್ತೆ ಅಂತಾರೆ, ಹೌದಾ?
– ಓದುಗರು, ಸಾಗರ

ಉತ್ತರ: ಮರದ ಕಂಬ ವರ್ಷಪೂರ್ತಿ ನೀರಿನ ಮಟ್ಟದ ಕೆಳಗೇ ಇದ್ರೆ ತುಂಬಾ ಕಾಲ ಬಾಳತ್ತೆ. ನಮ್ಮ ಗದ್ದೆಗಳಲ್ಲಿ ಜುಲೈಲಿ ನೀರು ನೆಲದ ಮಟ್ಟಕ್ಕೆ ಬರತ್ತೆ, ಮಾರ್ಚ್ ಹೊತ್ತಿಗೆ ಕೆಳಗೆ ಇಳಿದಿರತ್ತೆ, ಆ ಒದ್ದೆ-ಒಣ ಆಗೋ ಜಾಗದಲ್ಲೇ ಮರ ಕೊಳೆಯೋದು. ಮನೆಗೆ ಬೇಡ.

ಪ್ರಶ್ನೆ: ನಮ್ಮದು ಎರೆಮಣ್ಣು. ಬೇಸಿಗೇಲಿ ಗೋಡೆ ಬಿರುಕು ಬಿಡತ್ತೆ, ಮಳೇಲಿ ಮುಚ್ಕೊಳತ್ತೆ. ಹೊಸ ಮನೆಗೆ ಪಾಯದಡಿ ದಪ್ಪಕ್ಕೆ ಮರಳು ಹಾಕಿದ್ರೆ ಸಾಕಾ?
– ಓದುಗರು, ಶಿಕಾರಿಪುರ ತಾಲೂಕು

ಉತ್ತರ: ಬರೀ ಮರಳು ಹಾಕಿ ಬಿಟ್ರೆ ಕೆಲವು ಸಲ ಇನ್ನೂ ಕೆಡತ್ತೆ, ಮಳೆ ನೀರು ಮರಳಲ್ಲಿ ಇಳಿದು ಅಲ್ಲೇ ನಿಂತು ಸುತ್ತಲಿನ ಎರೆಗೆ ಕುಡಿಸತ್ತೆ, ಅದು ಉಬ್ಬತ್ತೆ. ಈ ಮಣ್ಣಿಗಂತಲೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐನೋರು ಅಂಡರ್ ರೀಮ್ಡ್ ಪೈಲ್ ಬೆಳೆಸಿದ್ರು, ಕಂಬದ ಬುಡದ ಹತ್ರ ಗೆಡ್ಡೆ, ಅದರ ಅಗಲ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಅದು ಮೂರೂವರೆ ಮೀಟರಿಗೂ ಕೆಳಗೆ, ಮಳೆ-ಬಿಸಿಲಿಗೆ ಮಣ್ಣು ಅಲ್ಲಾಡದ ಕಡೆ ಹಿಡ್ಕೊಂಡು ಕೂರತ್ತೆ. ಪ್ಲಿಂತ್ ಬೀಮಿನ ಅಡಿ ಮಣ್ಣು ಉಬ್ಬೋಕೆ ಸ್ವಲ್ಪ ಖಾಲಿ ಜಾಗ ಬಿಡಿಸೋದು ಮರೀಬೇಡಿ. ನೆಲಹಾಸು, ಅಂಗಳದ ಅಡಿಗೆ ಎರೆ ತೆಗೆದು ಗ್ರಾವೆಲ್ ಮಣ್ಣು ಹಾಕಿ, ಇಲ್ಲಾ ಅದೇ ಮಣ್ಣಿಗೆ ತೂಕದಲ್ಲಿ 3ರಿಂದ 6 ಪರ್ಸೆಂಟ್ ಸುಣ್ಣ ಚೆನ್ನಾಗಿ ಕಲಸಿ ಅದುಮಿಸಿ, ಉಬ್ಬರ ತುಂಬಾ ಇಳಿಯತ್ತೆ. ಸುಣ್ಣ ಎಷ್ಟು ಅನ್ನೋದನ್ನ ನಿಮ್ಮ ಮಣ್ಣಿನ ಮೇಲೆ ಲ್ಯಾಬಲ್ಲಿ ನೋಡಿಸ್ಕೊಳ್ಳಿ.

ಪ್ರಶ್ನೆ: ಗುಡ್ಡದ ಧರೆ ಕಡಿದು ಅದೇ ಮಣ್ಣನ್ನ ಮುಂದಕ್ಕೆ ತಳ್ಳಿ ಸಮ ಮಾಡಿದೀವಿ. ಜಂಬಿಟ್ಟಿಗೆ ಕೆಳಗೆ ಬಿಳೀ-ಗುಲಾಬಿ ಮಣ್ಣು ಬಂತು. ಸ್ಟೋನ್ ಕಾಲಂ ಹಾಕಿಸ್ಬೇಕಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಅದು ಶೇಡಿ ಮಣ್ಣೇ ಇರ್ಬೇಕು. ಒಣಗಿದಾಗ ಕೆತ್ತೋಕೂ ಕಷ್ಟ, ನೀರು ಹೊಕ್ರೆ ಬಲ ಕಳ್ಕೊಂಡು ಕೊಚ್ಚಿ ಹೋಗತ್ತೆ. ಸ್ಟೋನ್ ಕಾಲಂ ಅಂದ್ರೆ ಮೆತ್ತನೆ ಜೇಡೀಲಿ ರಂಧ್ರ ಮಾಡಿ ಜಲ್ಲಿ ತುಂಬಿ ಕುಟ್ಟೋದು, ಭಾರಾನೂ ಹೊರತ್ತೆ, ತೋಟದ ಬಸಿಗಾಲುವೆ ಥರ ನೀರಿಗೂ ದಾರಿ ಮಾಡತ್ತೆ. ಆದ್ರೆ ಅದು ಟ್ಯಾಂಕು, ರಸ್ತೆ ಏರಿ, ದೊಡ್ಡ ಗೋದಾಮಿಗೆ ಸರಿ, ಒಂದು ಮನೆಗೆ ಆ ಮೆಷಿನ್ ತರಿಸೋ ಖರ್ಚೇ ಹೊರೆ, ನಿಮ್ಮ ತೊಂದರೆಗೆ ಅದು ಮದ್ದೂ ಅಲ್ಲ.

ನಿಮ್ಮಲ್ಲಿ ಮನೆ ಅರ್ಧ ಕಡಿದ ಗಟ್ಟಿ ನೆಲದ ಮೇಲೆ, ಅರ್ಧ ತಳ್ಳಿದ ಸಡಿಲ ಮಣ್ಣಿನ ಮೇಲೆ ಕೂರತ್ತೆ, ಬಿರುಕು ಸರಿಯಾಗಿ ಆ ಗಡೀಲೇ ಬರೋದು. ಆಗೋದಾದ್ರೆ ಇಡೀ ಮನೇನ ಕಡಿದ ಭಾಗಕ್ಕೇ ಸರಿಸಿ, ಆದ್ರೆ ಧರೆ ಬುಡಕ್ಕೆ ಅಂಟಿಸ್ಬೇಡಿ. ಆಗದಿದ್ರೆ ಮುಂದಿನ ಫೂಟಿಂಗುಗಳನ್ನ ತಳ್ಳಿದ ಮಣ್ಣು ದಾಟಿಸಿ ಮೂಲ ನೆಲಕ್ಕೇ ಇಳಿಸಿ. ಧರೆ ಮೇಲ್ಗಡೆ ಕಾಲುವೆ ತೆಗೆದು ಗುಡ್ಡದ ನೀರನ್ನ ಪಕ್ಕಕ್ಕೆ ತಿರುಗಿಸಿ. ತಡೆಗೋಡೆ ಕಟ್ಟೋದಾದ್ರೆ ಹಿಂದೆ ಜಲ್ಲಿ ತುಂಬಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯೋ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿ, ಇಲ್ಲಾಂದ್ರೆ ಶೇಡಿ ನುಣ್ಣಗೆ ಹರಿದು ಬಂದು ನೀರಿನ ತೂತುಗಳನ್ನೆಲ್ಲ ಕಟ್ಟಿಬಿಡತ್ತೆ. ಆ ಕಾಲುವೆ ಕೆಲಸ ಮಾತ್ರ ಮೇ ತಿಂಗಳು ಮುಗಿಯೋದ್ರೊಳಗೆ ಮುಗಿಸ್ಕೊಳ್ಳಿ, ಮನೆ ಆಮೇಲೆ ನೋಡ್ಕೋಬಹುದು.