ಪೋರ್ಟಿಕೋದಲ್ಲಿ ಬೈಕ್ ಲಿಫ್ಟ್ ಟೇಬಲ್: ಕೆಜಿ ನೋಡುವ ಮೊದಲು ಲಾಕ್ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು 30×40 ಸೈಟಿನ ಮನೆ. ಪೋರ್ಟಿಕೋ 10 ಅಡಿ ಅಗಲ, 17 ಅಡಿ ಉದ್ದ. ಕಾರೂ ಅಲ್ಲೇ ನಿಲ್ಲುತ್ತದೆ. ನನ್ನ ಹತ್ತಿರ ಕ್ಲಾಸಿಕ್ 350 ಇದೆ, ಅಪ್ಪನ ಯೆಜ್ದಿ ರೋಡ್‌ಕಿಂಗ್ ಕೂಡ ಇದೆ. ಅದನ್ನು ಈ ವರ್ಷ ಪೂರ್ತಿ ಬಿಚ್ಚಿ ಸರಿಮಾಡಬೇಕು ಅಂತ ಆಸೆ. ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡಿದರೆ ಎರಡು ದಿನ ಸೊಂಟ ಹಿಡಿದುಕೊಳ್ಳುತ್ತದೆ. ಬೈಕನ್ನೇ ಮೇಲೆತ್ತಿ ನಿಲ್ಲಿಸುವ ಲಿಫ್ಟ್ ಟೇಬಲ್ ತರೋಣ ಅಂತಿದ್ದೇನೆ. ಒಬ್ಬರು 300 ಕೆಜಿ ಎತ್ತುವಂಥದ್ದು ಸಾಕು ಅಂತಾರೆ, ಇನ್ನೊಬ್ಬರು 700 ಕೆಜಿಯದ್ದೇ ತಗೊಳ್ಳಿ ಅಂತಾರೆ. ಏನು ಮಾಡಲಿ?
– ಓದುಗರು, ಬಸವೇಶ್ವರನಗರ

ಉತ್ತರ: ಖಂಡಿತ ತನ್ನಿ. ಸೊಂಟ ಹೋದರೆ ಬೈಕ್ ಓಡಿಸುವುದೂ ಕಷ್ಟ. ಆದರೆ ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಪೋರ್ಟಿಕೋ ಅಳೆಯಿರಿ. ಟೇಬಲ್ ಸುಮಾರು 7 ಅಡಿ ಉದ್ದ ಇರುತ್ತದೆ, ಬೈಕ್ ಹತ್ತಿಸುವ ಇಳಿಜಾರು ಪ್ಲೇಟಿಗೆ ಇನ್ನೆರಡು ಅಡಿ, ಅದರ ಹಿಂದೆ ಬೈಕ್ ನೇರವಾಗಿ ನಿಲ್ಲಲು ಮತ್ತೆ 7 ಅಡಿ ಬೇಕು. ಕ್ಲಾಸಿಕ್ 350ರ ಉದ್ದವೇ 2145 ಮಿ.ಮೀ. ಅಲ್ವಾ. ಒಟ್ಟು 16 ಅಡಿ ಆಯಿತು. ನಿಮ್ಮ ಜಾಗದಲ್ಲಿ ಕೂರುತ್ತದೆ, ಕಾರು ಮಾತ್ರ ಆ ಹೊತ್ತಿಗೆ ರಸ್ತೆಯಲ್ಲಿರಬೇಕು. ಅಗಲ ಎರಡೂಕಾಲು ಅಡಿ ಅಂದುಕೊಳ್ಳಿ. ಕೆಳಗಿಳಿಸಿ ಗೋಡೆ ಪಕ್ಕಕ್ಕೆ ತಳ್ಳಿದ ಮೇಲೆ ಕಾರಿನ ಬಾಗಿಲು ತೆರೆಯುತ್ತದಾ ಅಂತಲೂ ನೋಡಿ.

ನಮ್ಮ ಬೆಂಗಳೂರಿನ ಮನೆಗಳಲ್ಲಿ ಇನ್ನೊಂದು ವಿಷಯ ಇದೆ, ಸಂಪ್. ತುಂಬಾ ಕಡೆ ಅದು ಪೋರ್ಟಿಕೋ ಅಡಿಯಲ್ಲೇ ಇರುತ್ತದೆ. ಟೇಬಲ್ಲಿನ ಕಾಲು ಅಥವಾ ಚಕ್ರ ಸಂಪಿನ ಮುಚ್ಚಳದ ಮೇಲೆ ಬರಲೇಬಾರದು. ಬೈಕು, ಟೇಬಲ್ಲು, ಮೇಲೆ ಒರಗಿದ ನೀವು, ಎಲ್ಲ ಸೇರಿ 400 ಕೆಜಿ ಹತ್ತಿರ ಹೋಗುತ್ತದೆ, ಅಷ್ಟೂ ಭಾರ ನಾಲ್ಕೇ ಜಾಗದಲ್ಲಿ ಕೂರುತ್ತದೆ. ಟೈಲ್ಸ್ ಹಾಕಿದ್ದರೆ ಪ್ರತಿ ಕಾಲಿನಡಿ ದಪ್ಪ ಪ್ಲೈವುಡ್ ತುಂಡು ಇಡಿ. ಮಳೆನೀರು ಗೇಟಿನ ಕಡೆ ಹರಿಯಲಿ ಅಂತ ಪೋರ್ಟಿಕೋಗೆ ವಾಟ ಕೊಟ್ಟಿರುತ್ತಾರೆ. ಕೆಳಗಿದ್ದಾಗ ಆ ವಾಟ ಗೊತ್ತೇ ಆಗುವುದಿಲ್ಲ, ಟೇಬಲ್ ಎರಡೂವರೆ ಅಡಿ ಮೇಲೆ ಹೋದಾಗ ಬೈಕ್ ಒಂದು ಕಡೆ ವಾಲಿದ್ದು ಕಾಣುತ್ತದೆ. ಗಾರೆಯವರ ರಸಮಟ್ಟ ಇಟ್ಟು ನೋಡಿ, ತಗ್ಗಿರುವ ಕಡೆ ಕಾಲಿನಡಿ ಪ್ಲೈವುಡ್ ಕೊಟ್ಟು ಸಮ ಮಾಡಿ.

ಈಗ ಮುಖ್ಯ ವಿಷಯ. ಏಳೆಂಟು ವರ್ಷದ ಹಿಂದೆ ಪರಿಚಯದವರ ಶೆಡ್ಡಿನಲ್ಲಿ ನಾನು ಒಂದು ಬುಲೆಟ್ ಬಿಚ್ಚಿದ್ದೆ. ಟೇಬಲ್ಲಿಗೆ ಆಯಿಲ್ ಒತ್ತಡದಿಂದ ಎತ್ತುವ ಹೈಡ್ರಾಲಿಕ್ ಇತ್ತು, ಲಾಕ್ ಮುರಿದುಹೋಗಿತ್ತು. ಎತ್ತಿದರೆ ಅಲುಗಾಡದೆ ನಿಲ್ಲುತ್ತಿತ್ತು, ಹಾಗಾಗಿ ರಾತ್ರಿ ಹಾಗೇ ಬಿಟ್ಟು ಮನೆಗೆ ಬಂದೆ. ಬೆಳಗ್ಗೆ ನೋಡಿದರೆ ಟೇಬಲ್ ಒಂದೂವರೆ ಗೇಣು ಕೆಳಗೆ ಬಂದಿತ್ತು, ಅಡಿಯಲ್ಲಿ ಮರೆತಿದ್ದ ಆಯಿಲ್ ಟ್ರೇ ಟೇಬಲ್ಲನ್ನು ಹೊತ್ತ ಕತ್ತರಿಯಾಕಾರದ ಕಾಲುಗಳ ನಡುವೆ ಸಿಕ್ಕಿ ಕಾಗದದ ಹಾಗೆ ಮಡಚಿಕೊಂಡಿತ್ತು. ಆ ಜಾಗದಲ್ಲಿ ಕೈ ಇದ್ದಿದ್ದರೆ ಅನ್ನುವ ಯೋಚನೆ ಇವತ್ತಿಗೂ ಬರುತ್ತದೆ. ಹೈಡ್ರಾಲಿಕ್ ಇರುವುದು ಎತ್ತುವುದಕ್ಕೆ. ಒಳಗಿನ ಸೀಲ್ ಸ್ವಲ್ಪ ಸವೆದರೂ, ವಾಲ್ವ್‌ನಲ್ಲಿ ಚೂರು ಕಸ ಕೂತರೂ ಆಯಿಲ್ ನಿಧಾನಕ್ಕೆ ಹಿಂದೆ ಹೋಗುತ್ತದೆ, ಟೇಬಲ್ ಇಳಿಯುತ್ತದೆ. ಅದಕ್ಕೇ ಕತ್ತರಿ ಕಾಲು ಜಾರದಂತೆ ತಡೆಯುವ ಕಬ್ಬಿಣದ ಲಾಕ್ ಬೇಕು. ಎತ್ತಿದ ಮೇಲೆ ಲಾಕ್ ಹಾಕಿ, ಟೇಬಲ್ ಇಳಿಸುವ ವಾಲ್ವ್ (ರಿಲೀಸ್) ಸ್ವಲ್ಪ ಬಿಟ್ಟು, ಪೂರ್ತಿ ಭಾರ ಲಾಕ್ ಮೇಲೆ ಕೂತಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ಸ್ಪ್ಯಾನರ್ ಮುಟ್ಟಿ. ಎರಡು ಮೂರು ಎತ್ತರದಲ್ಲಿ ಲಾಕ್ ಬೀಳುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂದರೆ ಚೈನ್ ಕೆಲಸಕ್ಕೆ ಒಂದು ಎತ್ತರ ಬೇಕು, ಕಾರ್ಬ್ಯುರೇಟರ್ ಕೆಲಸಕ್ಕೆ ಇನ್ನೊಂದು.

ಕೆಜಿ ವಿಷಯ ಸುಲಭ. ಕ್ಲಾಸಿಕ್ 350 ತೂಕ 195 ಕೆಜಿ, ಯೆಜ್ದಿ ಅದಕ್ಕಿಂತ ಹಗುರ. ಬರೀ ತೂಕಕ್ಕೆ 300 ಸಾಕು, ಆದರೆ ತುಕ್ಕು ಹಿಡಿದ ಆಕ್ಸಲ್ ನಟ್ಟಿಗೆ ಉದ್ದ ಪೈಪ್ ಹಾಕಿ ಎಳೆಯುವಾಗ ಟೇಬಲ್ ಅಲುಗಾಡಬಾರದು ನೋಡಿ. 450 ಕೆಜಿಯದ್ದು ನಿಮಗೆ ಸರಿಯಾದ್ದು. 700ರದ್ದು ಸುಮ್ನೆ ಭಾರ, ಕಾರಿಗೆ ಜಾಗ ಬಿಡಲು ದಿನಾ ತಳ್ಳುವವರು ನೀವೇ.

ಕಾಲಲ್ಲಿ ತುಳಿಯುವ ಪಂಪಿನದ್ದೇ ತಗೊಳ್ಳಿ. ಒಂದೆರಡು ನಿಮಿಷ ತುಳಿಯಬೇಕು, ಅಷ್ಟೇ. ಗಾಳಿಯದ್ದಕ್ಕೆ ಕಂಪ್ರೆಸರ್ ಬೇಕು, ಅದರ ಸದ್ದಿಗೆ ಅಕ್ಕಪಕ್ಕದವರು ಬಾಗಿಲಿಗೆ ಬರುತ್ತಾರೆ. ಕರೆಂಟಿನದ್ದು ದಿನಕ್ಕೆ ಹತ್ತು ಬೈಕ್ ಹತ್ತಿಸಿ ಇಳಿಸುವ ಗ್ಯಾರೇಜಿಗೆ ಸರಿ.

ಹಿಂದಿನ ಚಕ್ರ ಕೆಳಗಿಳಿಸಲು ಬಿಚ್ಚುವ ಪ್ಲೇಟ್ ಇದೆಯಾ ಕೇಳಿ. ಇಲ್ಲದಿದ್ದರೆ ಟೈರ್ ಬಿಚ್ಚುವಾಗ ಮಡ್‌ಗಾರ್ಡ್ ಅಡ್ಡ ಬಂದು ಒದ್ದಾಡುತ್ತೀರಿ. ನಿಮ್ಮ ಎರಡೂ ಬೈಕುಗಳ ಚಕ್ರಗಳ ನಡುವಿನ ಅಂತರ ಅಳೆದುಕೊಂಡು ಹೋಗಿ, ಕ್ಲಾಸಿಕ್‌ಗೆ ಅದು 1390 ಮಿ.ಮೀ. ಮುಂದಿನ ಚಕ್ರ ಹಿಡಿಯುವ ವೈಸ್ ಹಿಂದೆಮುಂದೆ ಸರಿಯುವಂತಿದ್ದರೆ ಎರಡೂ ಬೈಕಿನ ಹಿಂದಿನ ಚಕ್ರ ಆ ಪ್ಲೇಟಿನ ಮೇಲೇ ಬರುತ್ತದೆ.

ಎಸ್‌ಜೆಪಿ ರಸ್ತೆ, ಜೆ.ಸಿ. ರಸ್ತೆ ಎರಡೂ ಕಡೆ ವಿಚಾರಿಸಿ. ಗ್ಯಾರೇಜಿನವರು ಇದನ್ನು ರ‍್ಯಾಂಪ್ ಅಂತಾರೆ, ಹಾಗೇ ಕೇಳಿ. ಅಂಗಡಿಯಲ್ಲಿ ಒಂದು ಬೈಕ್ ಹತ್ತಿಸಿ ಎತ್ತಿಸಿ. ಲಾಕ್ ಹಾಕದೆ, ಕತ್ತರಿ ಕಾಲು ಜಾರುವ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಅಡಿಗೆ ಯಾರೂ ಕೈ ಹಾಕದ ಹಾಗೆ ಅರ್ಧ ಗಂಟೆ ಕಾದು ನೋಡಿ. ಗೆರೆ ದಾಟಿ ಕಾಲು ಸರಿದಿದ್ದರೆ ಅದು ಬೇಡ. ಸೀಲ್ ಕಿಟ್ ಊರಲ್ಲೇ ಸಿಗುತ್ತದಾ ಅಂತಲೂ ಕೇಳಿ. ಆಯಿಲ್ ಕಡಿಮೆಯಾದರೆ ಹೈಡ್ರಾಲಿಕ್ ಆಯಿಲ್ಲೇ ಹಾಕಬೇಕು, ಬ್ರೇಕ್ ಆಯಿಲ್ ಹಾಕಿದರೆ ಸೀಲ್ ಊದಿಕೊಂಡು ಹಾಳಾಗುತ್ತದೆ.

ಬೈಕ್ ಹತ್ತಿಸುವಾಗ ಇಬ್ಬರು ಇರಲೇಬೇಕು. ಇದರಲ್ಲಿ ಧೈರ್ಯ ತೋರಿಸಬೇಡಿ. ಮುಂದಿನ ಬ್ರೇಕ್ ಲಿವರಿಗೆ ಬೆಲ್ಟ್ ಬಿಗಿದು, ಫೋರ್ಕಿನ ಕೆಳಗಿನ ಕ್ಲಾಂಪಿನಿಂದ ಎರಡೂ ಕಡೆ ಪಟ್ಟಿ ಎಳೆದು ಕಟ್ಟಿ, ಆಮೇಲೆ ಎತ್ತಿ. ಇಂಜಿನ್ ಇಳಿಸಿದಾಗ, ಚಕ್ರ ತೆಗೆದಾಗ ತೂಕ ಒಂದು ಕಡೆ ಹೋಗುತ್ತದೆ, ಪಟ್ಟಿ ಮತ್ತೆ ಬಿಗಿ ಮಾಡಿ.

ಪ್ರಶ್ನೆ: ನಾನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮಗಳ ಡ್ಯೂಕ್‌ಗೆ ಚೈನ್ ಕ್ಲೀನ್ ಮಾಡುತ್ತೇನೆ. ಸೆಂಟರ್ ಸ್ಟ್ಯಾಂಡ್ ಇಲ್ಲ. ನನಗೂ ಟೇಬಲ್ ಬೇಕಾ?
– ಓದುಗರು, ಯಲಹಂಕ

ಉತ್ತರ: ಬೇಡ ಮೇಡಂ. ಪ್ಯಾಡಕ್ ಸ್ಟ್ಯಾಂಡ್ ಸಾಕು. ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್‌ಗೆ ಸ್ಟ್ಯಾಂಡಿನ ಕೊಕ್ಕೆ ಕೂರುವ ಎರಡು ಗುಬಟು (ಬಾಬಿನ್) ಹಾಕಿಸಿ, ಸ್ಟ್ಯಾಂಡ್ ಕೊಟ್ಟು ಒತ್ತಿದರೆ ಹಿಂದಿನ ಚಕ್ರ ಮೇಲೆ ಬರುತ್ತದೆ. ಮೊದಲ ನಾಲ್ಕು ಸಲ ಮಗಳು ಹ್ಯಾಂಡಲ್ ಹಿಡಿದುಕೊಂಡಿರಲಿ. ಒಂದು ಮಾತು ಮಾತ್ರ ದಯವಿಟ್ಟು ಕೇಳಿ: ಇಂಜಿನ್ ಸ್ಟಾರ್ಟ್ ಮಾಡಿ ಗೇರಿಗೆ ಹಾಕಿ ಚೈನ್ ಒರೆಸಬೇಡಿ. ಬಟ್ಟೆ ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿಟ್ಟು ಚಕ್ರ ಕೈಯಲ್ಲೇ ತಿರುಗಿಸಿ.

ಪ್ರಶ್ನೆ: ಪೀಣ್ಯದಲ್ಲಿ ಪರಿಚಯದ ಫ್ಯಾಬ್ರಿಕೇಟರ್ ಒಬ್ಬರು ಅರ್ಧ ರೇಟಿಗೆ ಟೇಬಲ್ ಮಾಡಿಕೊಡುತ್ತೇನೆ ಅಂತಾರೆ. ಒಪ್ಪಿಕೊಳ್ಳಲಾ?
– ಓದುಗರು, ದಾಸರಹಳ್ಳಿ

ಉತ್ತರ: ಅವರು ಹಿಂದೆ ಮಾಡಿಕೊಟ್ಟ ಟೇಬಲ್ ಯಾರ ಹತ್ತಿರವಾದರೂ ಇದ್ದರೆ ಹೋಗಿ ನೋಡಿ ಬನ್ನಿ. ಪೂರ್ತಿ ಎತ್ತಿ, ಮೇಲಿನ ಹಲಗೆ ಹಿಡಿದು ಪಕ್ಕಕ್ಕೆ ಅಲುಗಾಡಿಸಿ. ಕತ್ತರಿಯ ಪಿನ್ನುಗಳಲ್ಲಿ ಸಡಿಲ ಇದ್ದರೆ ಕೈಗೇ ಗೊತ್ತಾಗುತ್ತದೆ. ಪಿನ್ನಿಗೆ ಬುಷ್ ಹಾಕಿದ್ದಾರಾ, ಲಾಕ್ ಹಲ್ಲು ದಪ್ಪ ಇದೆಯಾ ನೋಡಿ. ನೋಡಲು ಒಂದೂ ಇಲ್ಲ, ನಿಮ್ಮದೇ ಮೊದಲನೆಯದು ಅಂದರೆ ಅವರ ಹತ್ತಿರ ಗೇಟ್ ಮಾಡಿಸಿ, ಗ್ರಿಲ್ ಮಾಡಿಸಿ. ಇದನ್ನು ಅಂಗಡಿಯಲ್ಲೇ ತಗೊಳ್ಳಿ.