ವ್ಯಾಲೆಂಟೈನ್ ಮಣ್ಣಿನಲ್ಲಿ ಮೆಕ್ಕೆಜೋಳವನ್ನೇಕೆ ಬಿತ್ತುವುದಿಲ್ಲ?

ಅಮೆರಿಕದ ನೆಬ್ರಾಸ್ಕ ರಾಜ್ಯದ ಮರಳುದಿಬ್ಬಗಳ ನಾಡಾದ ಸ್ಯಾಂಡ್‌ಹಿಲ್ಸ್‌ನ ವ್ಯಾಲೆಂಟೈನ್ ಎಂಬ ಬಗೆಯ ಮಣ್ಣಿನಲ್ಲಿ ಹುಲ್ಲು ಅಷ್ಟು ಚೆನ್ನಾಗಿ ಬೆಳೆಯುವಾಗ ಮೆಕ್ಕೆಜೋಳವನ್ನೇಕೆ ಬಿತ್ತುವುದಿಲ್ಲ ಎಂದು ಕೇಳಿದ್ದೀರಿ. ಗಾಳಿ ತಂದು ಗುಡ್ಡೆಹಾಕಿದ ಮರಳಿನಿಂದಾದ ಈ ಮಣ್ಣಿನಲ್ಲಿ ಸಾವಯವಾಂಶದಿಂದ ಕಪ್ಪಾದ ಮೇಲ್ಪದರ ಸಾಮಾನ್ಯವಾಗಿ ಗೇಣು ದಪ್ಪವೂ ಇರುವುದಿಲ್ಲ. ಅದರ ಕೆಳಗೆ, ಒಣಗಿದ್ದಾಗ ಹಿಡಿಯಲ್ಲಿ ಅಮುಕಿದರೂ ಉಂಡೆಗಟ್ಟದೆ ಬೆರಳ ಸಂದಿಯಿಂದ ಜಾರಿಹೋಗುವ ತೆಳುಕಂದು ಮರಳೇ ಅಗೆದಷ್ಟೂ ಸಿಗುತ್ತದೆ. ಮಳೆನೀರು ಹರಿದುಹೋಗದೆ ನೇರವಾಗಿ ಇಂಗುವುದರಿಂದ ಒಗಲಾಲ ಎಂಬ ವಿಶಾಲ ಅಂತರ್ಜಲ ಭಂಡಾರಕ್ಕೆ ಲಾಭವೇ ಹೌದು, ಆದರೆ ಬೆಳೆಯ ಬೇರಿನ ಬಳಿ ನೀರೂ ಪೋಷಕಾಂಶವೂ ನಿಲ್ಲುವುದಿಲ್ಲ. ಆಳಕ್ಕೆ ಬೇರಿಳಿಸುವ ಸ್ಯಾಂಡ್ ಬ್ಲೂಸ್ಟೆಮ್, ಪ್ರೇರಿ ಸ್ಯಾಂಡ್‌ರೀಡ್‌ನಂಥ ಬಹುವಾರ್ಷಿಕ ಹುಲ್ಲುಗಳಿಗೆ ಇದು ಒಗ್ಗುತ್ತದೆ; ಹಾಗಾಗಿ ಹದವರಿತು ದನ ಮೇಯಿಸುವುದೇ ಇದಕ್ಕೆ ತಕ್ಕ ಬಳಕೆಯೆಂದು ನನ್ನ ಅಭಿಪ್ರಾಯ. 1904ರ ಕಿಂಕೈಡ್ ಕಾಯ್ದೆಯಡಿ ಸರ್ಕಾರಿ ಜಮೀನನ್ನು 640 ಎಕರೆಯವರೆಗೆ ಪಡೆದು ಉಳುಮೆಗಿಳಿದ ಅನೇಕರು ಕೈಸುಟ್ಟುಕೊಂಡು ಹೊರಟುಹೋದರು. ಹುಲ್ಲಿನ ಹೊದಿಕೆ ಹರಿದಲ್ಲಿ ಗಾಳಿ ಬಟ್ಟಲಿನಂಥ ಕುಳಿಯನ್ನೇ ಕೊರೆಯುತ್ತದೆ. ಹೊಲದ ನಡುವಿನ ಕೇಂದ್ರದ ಸುತ್ತ ತಿರುಗುತ್ತ ನೀರು ಚಿಮುಕಿಸುವ ಉದ್ದ ಕೊಳವೆಯ ಸೆಂಟರ್ ಪಿವಟ್ ನೀರಾವರಿ ಬಂದ ಮೇಲೆ ಅಲ್ಲಲ್ಲಿ ಮೆಕ್ಕೆಜೋಳ ಬೆಳೆದದ್ದೂ ಉಂಟು. ಆದರೆ ಅಲ್ಲಿ ಹಾಕಿದ ಸಾರಜನಕ ಗೊಬ್ಬರದಲ್ಲಿ ಒಂದು ಪಾಲು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಸೋರುತ್ತದೆ.