ಕೈ ಮೇಲೆ ನಿಲ್ಲೋಕೆ ಆತುರ ಬೇಡ

ಪ್ರಶ್ನೆ: ಮೇಡಂ, ನನಗೆ 34 ವರ್ಷ, ಆಫೀಸಲ್ಲಿ ಕೂತು ಮಾಡೋ ಕೆಲಸ. ಮನೇಲೇ ನಾಲ್ಕು ತಿಂಗಳಿಂದ ಫ್ರಾಗ್ ಸ್ಟ್ಯಾಂಡ್ (ಅಂಗೈ ನೆಲಕ್ಕೂರಿ, ಬಗ್ಗಿಸಿದ ಮೊಣಕೈಗೆ ಮಂಡಿ ಒರಗಿಸಿ, ಪಾದ ಎತ್ತಿ ನಿಲ್ಲೋದು) ಮಾಡ್ತಿದೀನಿ, ದಿನಾ ಬೆಳಿಗ್ಗೆ ಕೈ ಸೋಲೋವರೆಗೂ ಬಿಡಲ್ಲ, ಆದ್ರೂ 16 ಸೆಕೆಂಡ್ ದಾಟ್ತಾ ಇಲ್ಲ, ಮುಂದಕ್ಕೆ ಮುಗ್ಗರಿಸ್ತೀನಿ. ಮಣಿಕಟ್ಟು ಬೇರೆ ನೋಯುತ್ತೆ. ಇದನ್ನ ಬಿಟ್ಟು ಸೀದಾ ಟಕ್ ಪ್ಲಾಂಚ್ (ಕೈ ನೇರ ಇಟ್ಟು, ಮಂಡಿ ಎದೆಗೆ ಮಡಚಿ, ಯಾವ ಒರಗೂ ಇಲ್ದೆ ಮೈ ಅಡ್ಡಕ್ಕೆ ಎತ್ತಿ ನಿಲ್ಲೋದು) ಶುರು ಮಾಡ್ಲಾ?
— ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. 16 ಸೆಕೆಂಡ್ ಕಮ್ಮಿ ಏನಲ್ಲ, ತಪ್ಪಿರೋದು ದಿನಾ ಸೋಲೋವರೆಗೂ ಮಾಡೋದ್ರಲ್ಲಿ. ನಿಮ್ಮ ಮ್ಯಾಕ್ಸ್ 16 ಅಂದ್ರೆ ಪ್ರಾಕ್ಟೀಸಲ್ಲಿ ಅದರ ಅರ್ಧ, 8 ಸೆಕೆಂಡ್ ಮಾತ್ರ ನಿಲ್ಲಿ, ಇಳೀರಿ, ಒಂದು ನಿಮಿಷ ಕೂತ್ಕೊಳ್ಳಿ, ಮತ್ತೆ ಏರಿ. ಹೀಗೆ ಏಳೆಂಟು ಸಲ, ಒಟ್ಟು ಸುಮಾರು 60 ಸೆಕೆಂಡ್ ಆದ್ರೆ ಆ ದಿನದ ಲೆಕ್ಕ ಮುಗೀತು. ವಾರಕ್ಕೆ ಮೂರು ದಿನ ಸಾಕು. ಎಂಟು ವಾರ ಮ್ಯಾಕ್ಸ್ ಎಷ್ಟು ಅಂತ ನೋಡೋಕೇ ಹೋಗ್ಬೇಡಿ. ಎರಡನೇ ವಾರಕ್ಕೇ ಇದು ತುಂಬಾ ಸುಲಭ ಅನ್ಸುತ್ತೆ, ಅನ್ಸಲಿ, ಸೆಕೆಂಡ್ ಜಾಸ್ತಿ ಮಾಡ್ಬೇಡಿ. ಯಾಕಂದ್ರೆ ಮಾಂಸಖಂಡ ಬೇಗ ಬಲ ಆಗುತ್ತೆ, ಆದ್ರೆ ಅದನ್ನ ಮೂಳೆಗೆ ಕಟ್ಟಿರೋ ಟೆಂಡನ್‌ಗೆ ರಕ್ತ ಹೋಗೋದೇ ಕಮ್ಮಿ, ಅದು ನಿಧಾನಕ್ಕೇ ಗಟ್ಟಿ ಆಗೋದು. ನಾನು ಕಲಿಯೋವಾಗ ಇದು ಗೊತ್ತಿಲ್ದೆ ಒಂದೇ ತಿಂಗಳಿಗೆ ಟಕ್ ಪ್ಲಾಂಚ್‌ಗೆ ಹಾರಿ, ಮೊಣಕೈ ಒಳಗಡೆ ನೋವು ಬಂದು ಮೂರು ತಿಂಗಳು ಬಟ್ಟೆ ಹಿಂಡೋಕೂ ಆಗ್ತಿರ್ಲಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಮುಗ್ಗರಿಸೋದಕ್ಕೆ ಔಷಧಿ ಬೆರಳಲ್ಲಿದೆ. ಬೆರಳು ಅಗಲಿಸಿ, ತುದಿಯಿಂದ ನೆಲ ಹಿಡಿಯೋ ಥರ ಇಡಿ, ತೂಕ ಮುಂದಕ್ಕೆ ಬಂತು ಅನ್ನೋವಾಗ ಉಗುರು ಬಿಳಿಚೋ ಅಷ್ಟು ಒತ್ತಿ, ಮೈ ತಾನಾಗೇ ವಾಪಸ್ ಬರುತ್ತೆ. ಹಿಂದಕ್ಕೆ ವಾಲಿದ್ರೆ ಅಂಗೈ ಬುಡ ಒತ್ತಿ. ಕಣ್ಣು ಕೈಗಿಂತ ಒಂದು ಗೇಣು ಮುಂದೆ ನೆಲದ ಮೇಲಿರ್ಲಿ, ಪಾದ ನೋಡೋಕೆ ತಲೆ ಬಗ್ಗಿಸಿದ್ರೆ ಉರುಳೋದು ಗ್ಯಾರಂಟಿ. ಭಯ ಇದ್ರೆ ಮುಂದೊಂದು ದಿಂಬು ಹಾಕ್ಕೊಳ್ಳಿ.

ಮಣಿಕಟ್ಟು ನೋವು ಪೂರ್ತಿ ಹೋಗೋವರೆಗೂ ನೆಲದ ಮೇಲೆ ಮಾಡ್ಬೇಡಿ. ಆಮೇಲೂ ಮೊದಲು ಐದು ನಿಮಿಷ ಮಂಡಿಯೂರಿ ಅಂಗೈ ನೆಲಕ್ಕಿಟ್ಟು ಹಿಂದೆ ಮುಂದೆ ತೂಗಿ. ಬಿಂದಿಗೆ ಎತ್ತೋವಾಗ್ಲೂ ನೋಯ್ತಿದ್ರೆ ಡಾಕ್ಟರಿಗೆ ತೋರಿಸಿ.

ಫ್ರಾಗ್ ಸ್ಟ್ಯಾಂಡ್ ಒಂದೇ ಸಲಕ್ಕೆ 60 ಸೆಕೆಂಡ್ ನಿಂತ್ಮೇಲೆ ಮುಂದಿಂದು ಟಕ್ ಪ್ಲಾಂಚ್ ಅಲ್ಲ, ಕೈ ನೇರ ಮಾಡ್ಕೊಂಡು ಅದೇ ಫ್ರಾಗ್ ಸ್ಟ್ಯಾಂಡ್. ಅಲ್ಲಿ 60 ಇದ್ದಿದ್ದು ಐದಾರು ಸೆಕೆಂಡಿಗೆ ಇಳಿಯುತ್ತೆ, ಎಲ್ರಿಗೂ ಹಂಗೇ, ಬೇಜಾರ್ ಮಾಡ್ಕೋಬೇಡಿ. ಯೋಗ ಮಾಡೋರಿಗೆ ಇದು ಬಕಾಸನದ ಹತ್ತಿರ ಅನ್ಸುತ್ತೆ, ಮೈಸೂರಿನ ಅಷ್ಟಾಂಗ ಪದ್ಧತೀಲೂ ಬಕಾಸನ ಬರೋದು ಎರಡನೇ ಸರಣೀಲೇ, ಮೊದಲ್ನೇದ್ರಲ್ಲಿ ಅಲ್ಲ. ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸಲ್ಲಿ ನೇತಾಡೋ ರಿಂಗ್ಸ್ ಮೇಲೆ ಹೋಲ್ಡ್ (ಒಂದೇ ಭಂಗೀಲಿ ನಿಲ್ಲೋದು) ಒಪ್ಪಿಗೆ ಆಗೋಕೆ 2 ಸೆಕೆಂಡ್ ಅಲ್ಲಾಡದೆ ನಿಲ್ಬೇಕು, ಆ 2 ಸೆಕೆಂಡಿಗೆ ಆ ಹುಡುಗರು ವರ್ಷಗಟ್ಟಲೆ ದುಡಿದಿರ್ತಾರೆ.

ಪ್ರಶ್ನೆ: ಎಲ್ ಸಿಟ್ (ಪಕ್ಕದಲ್ಲಿ ಕೈ ಊರಿ, ಕಾಲು ಮುಂದಕ್ಕೆ ನೇರ ಚಾಚಿ ಮೈ ಪೂರ್ತಿ ನೆಲದಿಂದ ಎತ್ತೋದು) ಮಾಡೋಕೆ ಹೋದ್ರೆ ಹಿಮ್ಮಡಿ ನೆಲ ಬಿಟ್ಟು ಏಳೋದೇ ಇಲ್ಲ, ತೊಡೆ ಬೇರೆ ಹಿಡ್ಕೊಳ್ಳುತ್ತೆ. ನನ್ನ ಕೈ ಗಿಡ್ಡ ಇರೋದಕ್ಕಾ ಮೇಡಂ?
— ಓದುಗರು, ಶಿವಮೊಗ್ಗ

ಉತ್ತರ: ಕೈ ಗಿಡ್ಡ ಇದ್ರೆ ಸ್ವಲ್ಪ ಕಷ್ಟ ನಿಜ, ಆದ್ರೆ ಹೊಸಬರಲ್ಲಿ ಜಾಸ್ತಿ ಸಲ ಕಾರಣ ಭುಜ. ಭುಜ ಕಿವಿ ಹತ್ರ ಬಂದ್ಬಿಟ್ರೆ ಸೊಂಟ ಏಳಲ್ಲಮ್ಮ, ನೆಲಾನ ಕೆಳಗೆ ತಳ್ಳಿ ಕತ್ತು ಉದ್ದ ಮಾಡಿ. ಊಟದ ಮಣೆ ಎರಡು ಇದ್ರೆ ಜಾರದ ಹಾಗೆ ಮ್ಯಾಟ್ ಮೇಲಿಟ್ಟು ಅದರ ಮೇಲೆ ಕೈ ಊರಿ, ಮಂಡಿ ಎದೆ ಹತ್ರ ಮಡಚಿ ಬರೀ ಪಾದ ಎತ್ತಿ, ಇದೇ ಟಕ್ ಎಲ್ ಸಿಟ್. ಮೇಲೆ ಹೇಳಿರೋ ಅರ್ಧದ ಲೆಕ್ಕಾನೇ ಇಲ್ಲಿಗೂ. ಅದು ಗಟ್ಟಿ ಆದ್ಮೇಲೆ ಒಂದು ಕಾಲು ಚಾಚಿ, ಆಮೇಲೆ ಇನ್ನೊಂದು. ತೊಡೆ ಹಿಡ್ಕೊಂಡ್ರೆ ಗಾಬರಿ ಬೇಡ, ಕಾಲು ಇಳಿಸಿ ಚೆನ್ನಾಗಿ ಉಜ್ಜಿ, ಬಿಟ್ಮೇಲೆ ಮತ್ತೆ ಏರಿ.